ಗಣಿತ ಹುಟ್ಟಿನಿಂದಲೇ ಬರಬೇಕೇ? ಲೆಕ್ಕದ ಬುದ್ಧಿ ಎಲ್ಲಿಂದ ಬಂತು, ಎಲ್ಲಿ ಸೋಲುತ್ತದೆ?

‘ಗಣಿತ ಕಲಿಸಿದರೆ ಬರುವುದಲ್ಲ, ಅದು ರಕ್ತದಲ್ಲೇ ಇರಬೇಕು. ಹೆಣ್ಣುಮಕ್ಕಳ ಮೆದುಳು ಲೆಕ್ಕಕ್ಕಾಗಿ ಮಾಡಿದ್ದಲ್ಲ. ಶಕುಂತಲಾ ದೇವಿಯಂಥವರು ಕೋಟಿಗೊಬ್ಬರು.’ ಈ ಅರ್ಥದ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಪಕ್ಕದಲ್ಲಿ ಒಂದು ಮೆದುಳಿನ ಚಿತ್ರ, ಕೆಳಗೆ ‘ವಿಜ್ಞಾನಿಗಳು ಹೇಳಿದ್ದಾರೆ’ ಎಂಬ ಸಾಲು ಇರುತ್ತದೆ. ಯಾವ ವಿಜ್ಞಾನಿ, ಯಾವಾಗ ಹೇಳಿದರು ಎಂಬುದು ಮಾತ್ರ ಇರುವುದಿಲ್ಲ.

ಹಡಗಲಿಯ ಬಸ್ ನಿಲ್ದಾಣದ ಹತ್ತಿರ ನಾವು ಕಂಡ ಒಂದು ದೃಶ್ಯ ಹೀಗಿತ್ತು. ಹದಿನೈದು ಹದಿನಾರರ ಹುಡುಗಿ ಮಲ್ಲಿಗೆ ಮಾರುತ್ತಿದ್ದಳು. ಮಾರಿಗೆ 30 ರೂಪಾಯಿ. ಒಬ್ಬರು ಮೂರೂವರೆ ಮಾರು ಕೇಳಿ 200ರ ನೋಟು ಕೊಟ್ಟರು. ಅಳೆದು ಮುಗಿಸುವಷ್ಟರಲ್ಲೇ ಅವಳು, “ಅಣ್ಣಾ, ಐದು ರೂಪಾಯಿ ಚಿಲ್ಲರೆ ಇದ್ರ ಕೊಡ್ರಿ, ನೂರು ವಾಪಸ್ ಕೊಡ್ತೀನಿ” ಅಂದಳು. ಮೂರೂವರೆಯನ್ನು 30ರಿಂದ ಗುಣಿಸಿ, 205ರಿಂದ 105 ಕಳೆದು, ಚಿಲ್ಲರೆಯ ತೊಂದರೆಯನ್ನೂ ತಪ್ಪಿಸಿದ್ದಳು. ಶಾಲೆಯ ಬಗ್ಗೆ ಕೇಳಿದರೆ, “ನಂಗ ಗಣಿತ ಬರಂಗಿಲ್ರೀ ಅಕ್ಕಾ, ಅದರಾಗ ಫೇಲು” ಎಂದಳು.

ಹಾಗಾದರೆ ಅವಳಿಗೆ ಗಣಿತ ಬರುತ್ತದೋ, ಬರುವುದಿಲ್ಲವೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮನುಷ್ಯನಿಗೆ ಲೆಕ್ಕದ ಬುದ್ಧಿ ಎಲ್ಲಿಂದ ಬಂತು? ಅದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಕಲಿತದ್ದೆಷ್ಟು? ಅದು ಎಲ್ಲಿ ಕೈಕೊಡುತ್ತದೆ? ಒಂದೊಂದಾಗಿ ನೋಡೋಣ.

ಒಂದು ಹಿಡಿ ಶೇಂಗಾ ಸಾಕು, ಪ್ರಯೋಗ ಮಾಡಿ

ಮನೆಯಲ್ಲಿ ಯಾರಿಗಾದರೂ ಹೇಳಿ, ತಟ್ಟೆಯಲ್ಲಿ ಕೆಲವು ಶೇಂಗಾ ಕಾಳು ಹಾಕಿ ಒಂದು ಕ್ಷಣ ಮಾತ್ರ ತೋರಿಸಿ ಮುಚ್ಚಲಿ. ಎಷ್ಟಿದ್ದವು ಎಂದು ನೀವು ಹೇಳಬೇಕು. ಎರಡು, ಮೂರು ಕಾಳು ಇದ್ದರೆ ಎಣಿಸದೆಯೇ ಗೊತ್ತಾಗುತ್ತದೆ. ನಾಲ್ಕಿದ್ದರೂ ಹೆಚ್ಚು ಕಡಿಮೆ ಸರಿ ಹೇಳುತ್ತೀರಿ. ಐದು ದಾಟಿದ ಮೇಲೆ ತಪ್ಪು ಶುರುವಾಗುತ್ತದೆ. ಹತ್ತು, ಹನ್ನೆರಡು ಬಂದರೆ ‘ಹತ್ತರ ಹತ್ತಿರ ಇರಬಹುದು’ ಎನ್ನುವುದಷ್ಟೇ ಸಾಧ್ಯ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಸ್ಟಾನ್ಲಿ ಜೆವೊನ್ಸ್ ತನ್ನ ಮೇಲೆಯೇ ಈ ಪ್ರಯೋಗ ಮಾಡಿಕೊಂಡು 1871ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದ. ಆತ ಬಳಸಿದ್ದು ಕಪ್ಪು ಅವರೆ ಜಾತಿಯ ಕಾಳು. ಸಾವಿರಕ್ಕೂ ಹೆಚ್ಚು ಸಲ ಕಾಳು ಎಸೆದು ನೋಡಿದ. ಮೂರು, ನಾಲ್ಕರವರೆಗೆ ಒಂದೂ ತಪ್ಪಿಲ್ಲ. ಐದರಿಂದ ತಪ್ಪು ಶುರು. ಒಂದೂವರೆ ಶತಮಾನದ ನಂತರವೂ ಈ ಫಲಿತಾಂಶ ಬದಲಾಗಿಲ್ಲ.

ಇದರಿಂದ ನಮ್ಮೊಳಗೆ ಎರಡು ಬಗೆಯ ಅರಿವು ಇರುವುದು ತಿಳಿಯುತ್ತದೆ. ಒಂದು, ಮೂರು ನಾಲ್ಕರವರೆಗೆ ಕಣ್ಣಿಗೇ ಹೊಳೆಯುವ ಖಚಿತ ಅರಿವು. ಇನ್ನೊಂದು, ದೊಡ್ಡ ಗುಂಪುಗಳಿಗೆ ಬರುವ ಅಂದಾಜು. ಅಂದಾಜಿಗೆ ಒಂದು ನಿಯಮವಿದೆ. ಅದು ವ್ಯತ್ಯಾಸ ಎಷ್ಟು ಎಂದು ನೋಡುವುದಿಲ್ಲ, ಎಷ್ಟು ಪಟ್ಟು ಎಂದು ನೋಡುತ್ತದೆ. 10 ಕುರಿ ಮತ್ತು 20 ಕುರಿಯ ಹಿಂಡುಗಳಲ್ಲಿ ಯಾವುದು ದೊಡ್ಡದು ಎಂದು ಯಾರಾದರೂ ಹೇಳುತ್ತಾರೆ. 110 ಮತ್ತು 120ರ ಹಿಂಡುಗಳನ್ನು ಮುಂದಿಟ್ಟರೆ ತಬ್ಬಿಬ್ಬಾಗುತ್ತೇವೆ. ಎರಡರಲ್ಲೂ ವ್ಯತ್ಯಾಸ ಹತ್ತೇ ಕುರಿ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗುಂಪುಗುಂಪಾಗಿ ಕೂತಿರುತ್ತವೆ. ದೊಡ್ಡ ಗುಂಪನ್ನು ಲೆಕ್ಕ ಹಾಕುವ ಪಕ್ಷಿ ವೀಕ್ಷಕರು ಇಡೀ ಗುಂಪನ್ನು ನೋಡಿ ‘ಸಾವಿರ ಇರಬಹುದು’ ಎಂದು ಬರೆಯುವುದಿಲ್ಲ. ಮೊದಲು ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಲ್ಲಿ ಹಿಡಿದು, ಅಂಥ ಹತ್ತರ ಗುಂಪುಗಳು ಎಷ್ಟಿವೆ ಎಂದು ನೋಡುತ್ತಾರೆ. ಕಣ್ಣಿನ ಅಂದಾಜು ಎಲ್ಲಿ ಕೆಡುತ್ತದೆ ಎಂದು ತಿಳಿದೇ ಕಟ್ಟಿಕೊಂಡ ಉಪಾಯ ಇದು.

ಹಸುಳೆಗೂ ಗೊತ್ತು, ಸಿಂಹಕ್ಕೂ ಗೊತ್ತು

ಈ ಅಂದಾಜಿನ ಬುದ್ಧಿಯನ್ನು ಯಾರೂ ನಮಗೆ ಕಲಿಸಿಲ್ಲ. 1992ರಲ್ಲಿ ಅಮೆರಿಕದ ಸಂಶೋಧಕಿ ಕರೆನ್ ವಿನ್ ಐದು ತಿಂಗಳ ಮಕ್ಕಳ ಮುಂದೆ ಒಂದು ಗೊಂಬೆ ಇಟ್ಟು ಪರದೆ ಮುಚ್ಚಿದರು. ಮಗು ನೋಡುತ್ತಿರುವಾಗಲೇ ಇನ್ನೊಂದು ಗೊಂಬೆಯನ್ನು ಪರದೆಯ ಹಿಂದೆ ಸೇರಿಸಿದರು. ಪರದೆ ಸರಿಸಿದಾಗ ಎರಡು ಗೊಂಬೆ ಇದ್ದರೆ ಮಗು ಸ್ವಲ್ಪ ಹೊತ್ತು ನೋಡಿ ಸುಮ್ಮನಾಯಿತು. ಗುಟ್ಟಾಗಿ ಒಂದನ್ನು ತೆಗೆದು ಒಂದೇ ತೋರಿಸಿದರೆ ಹೆಚ್ಚು ಹೊತ್ತು ದಿಟ್ಟಿಸಿತು. ಮಗುವಿಗೂ ‘ಏನೋ ತಪ್ಪಾಗಿದೆ’ ಅನಿಸಿತ್ತು. 2000ದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಆರು ತಿಂಗಳ ಮಕ್ಕಳು 8 ಚುಕ್ಕೆ ಮತ್ತು 16 ಚುಕ್ಕೆಗಳ ವ್ಯತ್ಯಾಸ ಗುರುತಿಸಿದವು. 8 ಮತ್ತು 12ರ ವ್ಯತ್ಯಾಸ ಗುರುತಿಸಲಿಲ್ಲ. ಇಲ್ಲಿಯೂ ಕೆಲಸ ಮಾಡಿದ್ದು ‘ಎಷ್ಟು ಪಟ್ಟು’ ಎಂಬ ಅದೇ ನಿಯಮ.

ಪ್ರಾಣಿಗಳಲ್ಲೂ ಇದು ಇದೆ. ತಾಂಜಾನಿಯಾದ ಸೆರೆಂಗೆಟಿಯಲ್ಲಿ ಅಪರಿಚಿತ ಸಿಂಹಗಳ ಗರ್ಜನೆಯನ್ನು ರೆಕಾರ್ಡ್ ಮಾಡಿ ಅಲ್ಲಿನ ಹೆಣ್ಣು ಸಿಂಹಗಳಿಗೆ ಕೇಳಿಸಿದರು. ಒಂದೇ ದನಿ ಕೇಳಿದರೆ ಅವು ಮುನ್ನುಗ್ಗಿದವು. ಮೂರು ದನಿ ಕೇಳಿದರೆ, ತಮ್ಮ ಗುಂಪು ಎಷ್ಟು ದೊಡ್ಡದು ಎಂಬುದರ ಮೇಲೆ ಹೋಗಬೇಕೋ ಬೇಡವೋ ಎಂದು ಹಿಂದೆ ಮುಂದೆ ನೋಡಿದವು. 1994ರಲ್ಲಿ ಪ್ರಕಟವಾದ ಅಧ್ಯಯನ ಇದು. ಕಾಗೆಗಳ ಮೆದುಳಿನಲ್ಲಿ ಇಂತಿಷ್ಟು ಎಂಬ ಸಂಖ್ಯೆಗೆ ಸ್ಪಂದಿಸುವ ನರಕೋಶಗಳನ್ನು ಜರ್ಮನಿಯ ವಿಜ್ಞಾನಿಗಳು ಗುರುತಿಸಿದ್ದಾರೆ. ಮನುಷ್ಯರಲ್ಲಿ ಈ ಕೆಲಸಕ್ಕೆ ಮೆದುಳಿನ ಮೇಲ್ಭಾಗದ ಹಿಂಬದಿಯ ಒಂದು ಮಡಿಕೆ ಮುಖ್ಯವಾಗಿ ದುಡಿಯುತ್ತದೆ.

ಯಾಕೆ ಹೀಗೆ? ಯಾವ ಮರದಲ್ಲಿ ಹಣ್ಣು ಹೆಚ್ಚು, ಎದುರಿನ ಗುಂಪು ನಮಗಿಂತ ದೊಡ್ಡದೇ ಚಿಕ್ಕದೇ ಎಂದು ಬೇಗ ಗೊತ್ತಾದ ಪ್ರಾಣಿ ಬದುಕಿ ಉಳಿಯುವ ಸಾಧ್ಯತೆ ಹೆಚ್ಚು. ಅದಕ್ಕೆ ಅಂದಾಜು ಸಾಕು. 37ಕ್ಕೂ 38ಕ್ಕೂ ವ್ಯತ್ಯಾಸ ತಿಳಿಯುವ ಅಗತ್ಯ ಕಾಡಿನಲ್ಲಿ ಬರುವುದಿಲ್ಲ.

ಕೋಲೆ ಬಸವನಿಗೆ ಲೆಕ್ಕ ಬರುತ್ತದೆಯೇ?

ಹಾಗೆಂದ ಮಾತ್ರಕ್ಕೆ ‘ನಾಯಿ ಕೂಡುವ ಲೆಕ್ಕ ಮಾಡುತ್ತದೆ’ ಎಂಬ ವಿಡಿಯೊಗಳನ್ನೆಲ್ಲ ನಂಬಬೇಕಿಲ್ಲ. ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಹೀಗೇ ಹೆಸರು ಮಾಡಿತ್ತು. ಎರಡಕ್ಕೆ ಮೂರು ಕೂಡಿದರೆ ಎಷ್ಟು ಎಂದರೆ ಐದು ಸಲ ಕಾಲು ಬಡಿಯುತ್ತಿತ್ತು. 1904ರಲ್ಲಿ ಒಂದು ತಜ್ಞರ ಸಮಿತಿಯೇ ಪರೀಕ್ಷಿಸಿ ಮೋಸವೇನೂ ಇಲ್ಲ ಎಂದಿತು. ಆಮೇಲೆ ಆಸ್ಕರ್ ಫಂಗ್ಸ್ಟ್ ಎಂಬ ಸಂಶೋಧಕ ಒಂದು ಚಿಕ್ಕ ಬದಲಾವಣೆ ಮಾಡಿದ. ಉತ್ತರ ಗೊತ್ತಿಲ್ಲದವರಿಂದ ಪ್ರಶ್ನೆ ಕೇಳಿಸಿದ. ಕುದುರೆ ಸೋತುಹೋಯಿತು. ಅದು ಲೆಕ್ಕ ಮಾಡುತ್ತಿರಲಿಲ್ಲ. ಸರಿ ಉತ್ತರ ಬಂದ ಕ್ಷಣ ಕೇಳಿದವರ ತಲೆ, ಭುಜ ತಮಗೇ ಅರಿವಿಲ್ಲದೆ ತುಸು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು.

ನಮ್ಮೂರುಗಳಿಗೆ ಬರುವ ಕೋಲೆ ಬಸವ ‘ಮಳೆ ಆಗುತ್ತಾ?’ ಎಂದರೆ ತಲೆಯಾಡಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಸವ ನೋಡುವುದು ಆಡಿಸುವವನ ಕೈ ಮತ್ತು ದನಿಯನ್ನು. ಅದೂ ಒಂದು ಜಾಣತನವೇ, ಗಣಿತವಲ್ಲ ಅಷ್ಟೇ.

ಅಂದಾಜು ಲೆಕ್ಕವಾದದ್ದು ಹೇಗೆ?

ಹುಟ್ಟಿನಿಂದ ಬಂದದ್ದು ಅಂದಾಜು ಮಾತ್ರವಾದರೆ, 37 ಮತ್ತು 38ರ ವ್ಯತ್ಯಾಸ ಎಲ್ಲಿಂದ ಬಂತು? ಅದು ಮನುಷ್ಯರು ಕಟ್ಟಿಕೊಂಡದ್ದು. ಮಾತು, ಬೆರಳು, ಗೆರೆ, ಬರಹಗಳ ಮೂಲಕ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು.

ಇದಕ್ಕೆ ಒಳ್ಳೆಯ ಸಾಕ್ಷ್ಯ ಸಿಕ್ಕಿದ್ದು ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ. ಮುಂಡುರುಕು ಜನರ ಭಾಷೆಯಲ್ಲಿ ಐದರ ಆಚೆಗೆ ಖಚಿತ ಸಂಖ್ಯೆಯ ಹೆಸರುಗಳಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಚುಕ್ಕೆಗಳ ಎರಡು ರಾಶಿಯಲ್ಲಿ ಯಾವುದು ದೊಡ್ಡದು ಎಂದು ಹೇಳುವುದರಲ್ಲಿ ಅವರು ಫ್ರಾನ್ಸಿನ ಜನರಿಗೆ ಸರಿಸಮ. ಆದರೆ ದೊಡ್ಡ ಸಂಖ್ಯೆಯಿಂದ ಕಳೆದು ಖಚಿತ ಉತ್ತರ ಹೇಳುವಾಗ ಎಡವಿದರು. ಅವರ ಮೆದುಳಿನಲ್ಲಿ ಕೊರತೆ ಇರಲಿಲ್ಲ. ಬದುಕಿಗೆ ಬೇಕಾಗಿರದ ಒಂದು ಸಾಧನ ಅವರ ಭಾಷೆಯಲ್ಲಿ ಇರಲಿಲ್ಲ.

ಮೊದಲ ಸಾಧನ ಬಹುಶಃ ಬೆರಳು ಮತ್ತು ಗೀಟು. ಕಾಂಗೋದ ಇಶಾಂಗೊ ಎಂಬಲ್ಲಿ 1950ರಲ್ಲಿ ಸಿಕ್ಕ ಸುಮಾರು 20,000 ವರ್ಷ ಹಳೆಯ ಮೂಳೆಯ ಮೇಲೆ ಗುಂಪುಗುಂಪಾಗಿ ಗೀಟುಗಳಿವೆ. ಹಾಲಿನವರು ಗೋಡೆಯ ಮೇಲೆ ಇದ್ದಿಲಿನಿಂದ ಎಳೆಯುತ್ತಿದ್ದ ಗೀಟುಗಳ ಜಾತಿಯೇ ಅದು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವ ಪದ್ಧತಿ ಯಾಕೆ ಬಂತು ಎಂಬುದೂ ಈಗ ತಿಳಿಯುತ್ತದೆ. ನಾಲ್ಕರ ಆಚೆ ಕಣ್ಣು ನಂಬಲಾಗದು.

ನಮ್ಮ ಕನ್ನಡದಲ್ಲೂ ಬೆರಳಿನ ಗುರುತು ಇದೆ. ಹಳಗನ್ನಡದಲ್ಲಿ ಹತ್ತಕ್ಕೆ ‘ಪತ್ತು’. ಇರ್ಪತ್ತು ಇಪ್ಪತ್ತಾಯಿತು, ಎಂದರೆ ಎರಡು ಹತ್ತು. ಮೂವತ್ತು, ನಲವತ್ತು, ಐವತ್ತು ಎಲ್ಲವೂ ಹತ್ತರ ಗುಂಪುಗಳೇ. ‘ಒಂಬತ್ತು’ ಎಂಬುದು ಹತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದಿಂದ ಬಂದದ್ದು ಎಂದು ಭಾಷಾವಿಜ್ಞಾನಿಗಳು ವಿವರಿಸುತ್ತಾರೆ. ಕನ್ನಡದ ಮಗುವಿಗೆ ಇದರಿಂದ ಅನುಕೂಲವಿದೆ. ‘ಮೂವತ್ತೈದು’ ಎಂದರೆ ಮೂವತ್ತು ಮತ್ತು ಐದು ಎಂದು ಪದದಲ್ಲೇ ಕೇಳುತ್ತದೆ. ಹಿಂದಿಯಲ್ಲಿ ನೂರರವರೆಗಿನ ಹೆಸರುಗಳು ಇಷ್ಟು ಬಿಡಿಬಿಡಿಯಾಗಿಲ್ಲ, ಒಂದೊಂದನ್ನೂ ನೆನಪಿಡಬೇಕು. ಸಂಖ್ಯೆಯ ಹೆಸರು ಸರಳವಾಗಿರುವ ಚೀನಿ ಭಾಷೆಯ ಮಕ್ಕಳು ಹತ್ತರ ಆಚೆಗಿನ ಎಣಿಕೆಯನ್ನು ಅಮೆರಿಕದ ಮಕ್ಕಳಿಗಿಂತ ಬೇಗ ಕಲಿಯುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ವಿಷಯದಲ್ಲಿ ಎಲ್ಲ ವಿಜ್ಞಾನಿಗಳಿಗೂ ಒಮ್ಮತವಿಲ್ಲ. ಫ್ರಾನ್ಸಿನ ಸ್ಟಾನಿಸ್ಲಾಸ್ ದೆಹೇನ್ ಅಂಥವರು ಸಂಖ್ಯೆಯ ಅರಿವು ಹುಟ್ಟಿನಿಂದ ಬಂದದ್ದು, ಗಣಿತವನ್ನು ಅದರ ಮೇಲೆ ಕಟ್ಟಲಾಗಿದೆ ಎನ್ನುತ್ತಾರೆ. ರಫಾಯೆಲ್ ನುನೆಜ್ ಅಂಥವರು, ಹಸುಳೆಗಿರುವುದು ‘ಹೆಚ್ಚು ಕಡಿಮೆ’ಯ ಅರಿವು, ಅದನ್ನು ‘ಸಂಖ್ಯೆ’ ಎಂದು ಕರೆಯುವುದೇ ತಪ್ಪು, ಸಂಖ್ಯೆ ಪೂರ್ತಿ ಸಂಸ್ಕೃತಿಯ ಕೊಡುಗೆ ಎಂದು ವಾದಿಸುತ್ತಾರೆ. ಆದರೆ ಇಬ್ಬರೂ ಒಪ್ಪುವ ಅಂಶ ನಮಗೆ ಮುಖ್ಯ. ಶಾಲೆಯ ಗಣಿತವನ್ನು ತಲೆಯಲ್ಲಿ ಹೊತ್ತು ಯಾವ ಮಗುವೂ ಹುಟ್ಟುವುದಿಲ್ಲ. ಎಲ್ಲರೂ ಕಲಿಯಲೇಬೇಕು.

ಮಹಾವೀರಾಚಾರ್ಯರಿಗೂ ತಪ್ಪಿತ್ತು

ಕಲಿಕೆ ಒಬ್ಬರ ಜೀವಿತದಲ್ಲಿ ಮುಗಿಯುವುದಿಲ್ಲ, ಶತಮಾನಗಟ್ಟಲೆ ನಡೆಯುತ್ತದೆ. ಇದಕ್ಕೆ ನಮ್ಮ ನೆಲದಲ್ಲೇ ಉದಾಹರಣೆ ಇದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಆಗಿನ ರಾಜಧಾನಿ ಮಾನ್ಯಖೇಟ ಈಗ ಕಲಬುರಗಿ ಜಿಲ್ಲೆಯ ಮಳಖೇಡ. ಭಿನ್ನರಾಶಿ, ಬಡ್ಡಿ, ಕ್ಷೇತ್ರಫಲ ಎಲ್ಲವೂ ಆ ಗ್ರಂಥದಲ್ಲಿವೆ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ.

ಇಷ್ಟು ದೊಡ್ಡ ಪಂಡಿತ ಮಹಾವೀರಾಚಾರ್ಯರು ಒಂದು ಕಡೆ ಎಡವಿದರು. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದರು. ಸಹಜ ಬುದ್ಧಿಗೆ ಇದು ಸರಿ ಅನಿಸುತ್ತದೆ. ಹತ್ತು ಉಂಡೆ ಇವೆ, ಹಂಚಿಕೊಳ್ಳಲು ಯಾರೂ ಇಲ್ಲ, ಉಂಡೆ ಹಾಗೇ ಉಳಿದವಲ್ಲವೇ? 1150ರ ಹೊತ್ತಿಗೆ ಭಾಸ್ಕರಾಚಾರ್ಯರು ಅದು ಅನಂತ ರಾಶಿ ಎಂದರು. ಇಂದಿನ ಅಂಕಗಣಿತದಲ್ಲಿ ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎಂದು ಬಿಡಲಾಗಿದೆ. ಇಂದು ಹೈಸ್ಕೂಲಿನ ಹುಡುಗಿಗೆ ಗೊತ್ತಿರುವುದು ಅಂದಿನ ಆಸ್ಥಾನ ಪಂಡಿತರಿಗೆ ಗೊತ್ತಿರಲಿಲ್ಲ. ಅವಳ ಮೆದುಳು ಅವರದ್ದಕ್ಕಿಂತ ದೊಡ್ಡದಲ್ಲ. ಅವಳ ಹಿಂದೆ ಸಾವಿರ ವರ್ಷದ ಕಲಿಕೆ ಇದೆ. ‘ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು’ ಎಂದು ಫಾರ್ವರ್ಡ್ ಮಾಡುವವರು ಮರೆಯುವ ಸಂಗತಿ ಇದು. ಅವರ ತಪ್ಪನ್ನು ಹೇಳಿದರೆ ಅವರ ಗೌರವಕ್ಕೆ ಕುಂದಿಲ್ಲ.

ಶಕುಂತಲಾ ದೇವಿಯ ಮೆದುಳು ಬೇರೆಯೇ ಇತ್ತೇ?

1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ ಶಾಲೆಯಲ್ಲಿ ಓದಲಿಲ್ಲ. ತಂದೆ ಸರ್ಕಸ್ಸಿನಲ್ಲಿದ್ದವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಅದು ಗಿನ್ನೆಸ್ ದಾಖಲೆ ಪುಸ್ತಕ ಸೇರಿತು.

ಅವರ ಮೆದುಳಿನ ವೇಗವೇ ಹೆಚ್ಚಿರಬೇಕು ಎಂದು ಅನೇಕರು ಭಾವಿಸಿದ್ದರು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದರು. ದೊಡ್ಡ ದೊಡ್ಡ ಮೂಲಗಳನ್ನು ಅವರು ಕ್ಷಣದಲ್ಲಿ ಹೇಳುತ್ತಿದ್ದರು. ಆದರೆ ದೀಪ ಹೊತ್ತಿದ ತಕ್ಷಣ ಗುಂಡಿ ಒತ್ತುವಂಥ ಸಾಮಾನ್ಯ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವಾಗಿರಲಿಲ್ಲ. 1990ರಲ್ಲಿ ಪ್ರಕಟವಾದ ಈ ವರದಿಯ ಪ್ರಕಾರ, ಚಿಕ್ಕಂದಿನಿಂದ ಸಂಖ್ಯೆಗಳ ಜೊತೆಗೇ ಬೆಳೆದು ಅವರು ಕಟ್ಟಿಕೊಂಡ ತಿಳಿವಳಿಕೆ, ನೆನಪು, ಉಪಾಯಗಳತ್ತ ಬೆರಳು ತೋರಿಸಬೇಕಾಗುತ್ತದೆ. ಜನ್ಮಜಾತ ಒಲವು ಏನೂ ಇರಲಿಲ್ಲ ಎಂದು ಇದರ ಅರ್ಥವಲ್ಲ. ಆದರೆ ‘ಮಂತ್ರದಂಥ ಮೆದುಳು’ ಎಂಬ ಕಥೆಗೆ ಆಧಾರ ಸಿಗಲಿಲ್ಲ.

ಉಪಾಯ ಎಂದರೆ ಎಂಥದ್ದು? ನೀವೇ ಒಂದು ಮಾಡಿ ನೋಡಿ. ಸ್ನೇಹಿತರಿಗೆ ಎರಡಂಕಿಯ ಸಂಖ್ಯೆಯೊಂದನ್ನು ಮೊಬೈಲಿನಲ್ಲಿ ಮೂರು ಸಲ ಗುಣಿಸಿ ಉತ್ತರ ಮಾತ್ರ ಹೇಳಲು ಹೇಳಿ. ಅವರು 79,507 ಎಂದರು ಎನ್ನಿ. ಕೊನೆಯ ಅಂಕಿ 7. ಒಂದಂಕಿಯ ಸಂಖ್ಯೆಗಳಲ್ಲಿ 3ರ ಘನ 27 ಮಾತ್ರ 7ರಿಂದ ಮುಗಿಯುತ್ತದೆ. ಹಾಗಾಗಿ ಉತ್ತರದ ಕೊನೆಯ ಅಂಕಿ 3. ಈಗ ಕೊನೆಯ ಮೂರು ಅಂಕಿ ಬಿಟ್ಟು ಉಳಿದ 79 ನೋಡಿ. ಅದು 4ರ ಘನ 64 ಮತ್ತು 5ರ ಘನ 125ರ ನಡುವೆ ಇದೆ. ಹಾಗಾಗಿ ಮೊದಲ ಅಂಕಿ 4. ಉತ್ತರ 43. ಒಂದರಿಂದ ಒಂಬತ್ತರವರೆಗಿನ ಘನಗಳು ಬಾಯಿಪಾಠವಿದ್ದರೆ ಐದು ಸೆಕೆಂಡಿನ ಕೆಲಸ. ಹಿಂದೆ ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಕಲಿಯುತ್ತಿದ್ದದ್ದು ಇದೇ ಕಾರಣಕ್ಕೆ. ನೆನಪು ತುಂಬಿದ್ದರೆ ತಲೆಗೆ ಭಾರ ಕಡಿಮೆ.

ನಮ್ಮ ಲೆಕ್ಕ ಎಲ್ಲಿ ಸೋಲುತ್ತದೆ?

ಈಗ ಮಿತಿಗಳಿಗೆ ಬರೋಣ. ಸುಳ್ಳು ಸಂದೇಶಗಳು ಗೆಲ್ಲುವುದು ಇಲ್ಲಿಯೇ.

ಮೊದಲನೆಯದು, ದೊಡ್ಡ ಸಂಖ್ಯೆ. ಲಕ್ಷ, ಕೋಟಿ, ಲಕ್ಷ ಕೋಟಿ ಎಲ್ಲವೂ ಕಿವಿಗೆ ‘ತುಂಬಾ’ ಎಂದಷ್ಟೇ ಕೇಳುತ್ತವೆ. ಸಮಯಕ್ಕೆ ಬದಲಾಯಿಸಿ ನೋಡಿ. ಒಂದು ಲಕ್ಷ ಸೆಕೆಂಡ್ ಎಂದರೆ ಸುಮಾರು 28 ಗಂಟೆ. ಒಂದು ಕೋಟಿ ಸೆಕೆಂಡ್ ಸುಮಾರು 116 ದಿನ. ಒಂದು ಲಕ್ಷ ಕೋಟಿ ಸೆಕೆಂಡ್ ಸುಮಾರು 31,700 ವರ್ಷ!

ಕೊಟ್ಟೂರು ತೇರು, ಮೈಲಾರದ ಕಾರಣಿಕದ ಫೋಟೊಗಳ ಜೊತೆಗೂ, ರಾಜಕೀಯ ಸಮಾವೇಶಗಳ ಫೋಟೊಗಳ ಜೊತೆಗೂ ‘ಇಷ್ಟು ಲಕ್ಷ ಜನ’ ಎಂಬ ಸಾಲು ಹರಿದಾಡುತ್ತದೆ. ರೈತರಿಗೆ ಎಕರೆ ಗೊತ್ತು, ಅದರಲ್ಲೇ ಅಳೆಯೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಚದರ ಮೀಟರಿಗೆ ಮೂವರು ಒತ್ತಾಗಿ ನಿಂತರೂ ಒಂದು ಲಕ್ಷ ಜನಕ್ಕೆ 8 ಎಕರೆ ಬೇಕು. ಹತ್ತು ಲಕ್ಷಕ್ಕೆ 82 ಎಕರೆ. ಫೋಟೊದಲ್ಲಿ ಕಾಣುವ ಬಯಲು ಎಷ್ಟು ಎಕರೆ ಎಂದು ಕೇಳಿಕೊಂಡರೆ ಅರ್ಧ ಸತ್ಯ ಅಲ್ಲೇ ಸಿಗುತ್ತದೆ.

ಎರಡನೆಯದು, ಬೆಳೆಯುತ್ತ ಹೋಗುವ ಸಂಖ್ಯೆ. ನಮ್ಮ ಮನಸ್ಸು ಎಲ್ಲವೂ ಒಂದೇ ಹದದಲ್ಲಿ ಬೆಳೆಯುತ್ತದೆ ಎಂದುಕೊಳ್ಳುತ್ತದೆ. ‘ನೂರಕ್ಕೆ ತಿಂಗಳಿಗೆ ಐದೇ ರೂಪಾಯಿ’ ಎಂದರೆ ಕಡಿಮೆ ಅನಿಸುತ್ತದೆ. 10,000 ರೂಪಾಯಿ ಸಾಲಕ್ಕೆ ಬಡ್ಡಿ ಕಟ್ಟಲಾಗದೆ ಅದೂ ಅಸಲಿಗೆ ಸೇರುತ್ತ ಹೋದರೆ ಒಂದು ವರ್ಷಕ್ಕೆ ಸುಮಾರು 17,959, ಎರಡನೇ ವರ್ಷಕ್ಕೆ 32,251, ಮೂರನೇ ವರ್ಷಕ್ಕೆ 57,918 ಆಗುತ್ತದೆ. ತಿಂಗಳಿಗೆ 500ರಂತೆ ಕೂಡಿಸಿದವರು ಮೂರು ವರ್ಷಕ್ಕೆ 28,000 ಎಂದುಕೊಂಡಿರುತ್ತಾರೆ. ಈ ಅಂತರದಲ್ಲಿ ಹೊಲ ಹೋದ ಮನೆಗಳು ನಮ್ಮ ಸುತ್ತಲೇ ಇವೆ.

‘ಹತ್ತು ಜನರಿಗೆ ಕಳಿಸಿ’ ಎಂಬ ಸಂದೇಶವೂ ಹೀಗೇ. ಪ್ರತಿಯೊಬ್ಬರೂ ಹೊಸಬರಾದ ಹತ್ತು ಜನರಿಗೆ ಕಳಿಸಿದರೆ ಹತ್ತನೇ ಹೆಜ್ಜೆಗೆ 1,000 ಕೋಟಿ ಜನ ಬೇಕು. ಭೂಮಿಯ ಮೇಲೆ ಅಷ್ಟು ಜನರೇ ಇಲ್ಲ.

ಮೂರನೆಯದು, ಅಪರೂಪ ಯಾವುದು ಎಂಬ ಅಂದಾಜು. ‘ಈ ತಿಂಗಳು 5 ಶುಕ್ರವಾರ, 5 ಶನಿವಾರ, 5 ಭಾನುವಾರ, 823 ವರ್ಷಕ್ಕೊಮ್ಮೆ ಮಾತ್ರ’ ಎಂಬ ಸಂದೇಶ ನೋಡಿರುತ್ತೀರಿ. 31 ದಿನಗಳ ತಿಂಗಳು ಶುಕ್ರವಾರ ಶುರುವಾದರೆ ಸಾಕು, ಹೀಗಾಗುತ್ತದೆ. 2023ರ ಡಿಸೆಂಬರ್, 2024ರ ಮಾರ್ಚ್, 2025ರ ಆಗಸ್ಟ್, 2026ರ ಮೇ ತಿಂಗಳ ಪುಟ ತೆಗೆದು ನೋಡಿ. ಹೆಚ್ಚು ಕಡಿಮೆ ಪ್ರತಿ ವರ್ಷ ಬರುತ್ತದೆ.

ಆರೋಗ್ಯದ ವಿಷಯದಲ್ಲಿ ಈ ಎಡವಟ್ಟು ದುಬಾರಿ. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆಗೆ ‘ನೂರಕ್ಕೆ 99 ಸರಿ’ ಇರುವ ಪರೀಕ್ಷೆಯೊಂದಿದೆ ಎಂದುಕೊಳ್ಳಿ. ಪಾಸಿಟಿವ್ ಬಂದರೆ ಕಾಯಿಲೆ ಖಚಿತವೇ? ಸಾವಿರ ಜನರನ್ನು ಪರೀಕ್ಷಿಸಿದರೆ ನಿಜವಾದ ರೋಗಿ ಒಬ್ಬರು. ಆರೋಗ್ಯವಂತರಾದ 999 ಜನರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 10 ಜನಕ್ಕೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದ 11 ಜನರಲ್ಲಿ ಕಾಯಿಲೆ ಇರುವುದು ಒಬ್ಬರಿಗೆ. ಲಕ್ಷಣ ಕಂಡಿದ್ದರೆ ಈ ಲೆಕ್ಕ ಬದಲಾಗುತ್ತದೆ, ಅದಕ್ಕೇ ವೈದ್ಯರು ಎರಡನೇ ಪರೀಕ್ಷೆ ಮಾಡಿಸುವುದು. ಇದನ್ನು ಪರ್ಸೆಂಟ್‌ನಲ್ಲಿ ಹೇಳಿದರೆ ಓದಿದವರೂ ತಪ್ಪುತ್ತಾರೆ, ‘ಸಾವಿರ ಜನರಲ್ಲಿ ಇಷ್ಟು’ ಎಂದರೆ ಬೇಗ ತಿಳಿಯುತ್ತದೆ.

ಗಣಿತಕ್ಕೇ ಮಿತಿಯಿದೆ ಎಂಬುದೂ ನಿಜ. ಸಾಕಷ್ಟು ಅಂಕಗಣಿತವನ್ನು ಒಳಗೊಂಡ, ತನ್ನೊಳಗೇ ವಿರೋಧವಿಲ್ಲದ ಯಾವುದೇ ನಿಯಮಾವಳಿಯಲ್ಲಿ ಸಾಧಿಸಲೂ ಆಗದ, ಅಲ್ಲಗಳೆಯಲೂ ಆಗದ ಹೇಳಿಕೆಗಳು ಇದ್ದೇ ಇರುತ್ತವೆ ಎಂದು 1931ರಲ್ಲಿ ಕುರ್ಟ್ ಗೋಡೆಲ್ ತೋರಿಸಿದರು. ಆದರೆ ಎಸ್ಸೆಸ್ಸೆಲ್ಸಿ ಪುಸ್ತಕಕ್ಕೂ ಆ ಮಿತಿಗೂ ಬಹಳ ದೂರ. ‘ನಂಗೆ ಬರಲ್ಲ’ ಎನ್ನಲು ಅದು ನೆಪವಾಗದು.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಹಡಗಲಿಯ ಹುಡುಗಿಯ ವಿಷಯಕ್ಕೆ ಮರಳೋಣ. ಅವಳದ್ದು ಒಬ್ಬಳ ಕಥೆಯಲ್ಲ. 1985ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಮಾರುವ ಮಕ್ಕಳನ್ನು ಸಂಶೋಧಕರು ಮಾತಾಡಿಸಿದರು. ಅದು ಐದೇ ಮಕ್ಕಳ ಪುಟ್ಟ ಅಧ್ಯಯನ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ. ಅಂಥದೇ ಲೆಕ್ಕವನ್ನು ಕಾಗದದಲ್ಲಿ ಬರೆದುಕೊಟ್ಟಾಗ ನೂರಕ್ಕೆ 37 ಮಾತ್ರ ಸರಿ. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳ ಬಗ್ಗೆ ‘ನೇಚರ್’ನಲ್ಲಿ ಬರೆದರು. ಮಾರುವಾಗ ಕಷ್ಟದ ಲೆಕ್ಕವನ್ನೂ ಮಾಡುವ ಮಕ್ಕಳು ಶಾಲೆಯ ರೂಪದ ಲೆಕ್ಕದಲ್ಲಿ ಎಡವಿದರು. ಶಾಲೆಯಲ್ಲಷ್ಟೇ ಓದುವ ಮಕ್ಕಳು ಶಾಲೆಯ ಲೆಕ್ಕ ಮಾಡಿದರು, ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಎರಡರ ನಡುವೆ ಸೇತುವೆ ಕಟ್ಟುವ ಕೆಲಸ ಆಗಿಲ್ಲ ಎಂಬುದು ಇದರ ಸಾರ. ಮಕ್ಕಳ ಮೆದುಳಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಹೆಣ್ಣುಮಕ್ಕಳ ಮಾತು? 2008ರಲ್ಲಿ ಅಮೆರಿಕದಲ್ಲಿ 2ರಿಂದ 11ನೇ ತರಗತಿಯವರೆಗಿನ 70 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಗಣಿತದ ಅಂಕಗಳನ್ನು ಹೋಲಿಸಿದಾಗ ಹುಡುಗ ಹುಡುಗಿಯರ ಸರಾಸರಿಯಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಆ ಸಂದೇಶ ಹೊಗಳುವ ಶಕುಂತಲಾ ದೇವಿಯೂ ಹೆಣ್ಣೇ ಎಂಬುದನ್ನು ಬರೆದವರು ಮರೆತಂತಿದೆ.

ಕೆಲವು ಮಕ್ಕಳಿಗೆ ನಿಜವಾಗಿಯೂ ಸಂಖ್ಯೆಗಳ ಜೊತೆ ತೊಂದರೆ ಇರುತ್ತದೆ. ಇದಕ್ಕೆ ಡಿಸ್‌ಕ್ಯಾಲ್ಕುಲಿಯಾ ಎನ್ನುತ್ತಾರೆ. ನೂರಕ್ಕೆ 3ರಿಂದ 7 ಮಕ್ಕಳಲ್ಲಿ ಇರಬಹುದು ಎಂಬ ಅಂದಾಜಿದೆ. ಇದು ದಡ್ಡತನವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಇದರ ಹೆಸರಿದೆ. ಎಂಟು ಹತ್ತು ವರ್ಷದ ಮಗು ಎಷ್ಟು ಹೇಳಿಕೊಟ್ಟರೂ 5 ದೊಡ್ಡದೋ 8 ದೊಡ್ಡದೋ ಎಂದು ಗೊಂದಲಪಡುತ್ತಿದ್ದರೆ ಹೊಡೆಯಬೇಡಿ. ಶಿಕ್ಷಕರ ಜೊತೆ ಮಾತಾಡಿ, ಜಿಲ್ಲಾ ಆಸ್ಪತ್ರೆಯಲ್ಲೋ ನಿಮ್ಹಾನ್ಸ್‌ನಂಥ ಕಡೆಯೋ ತೋರಿಸಿ.

ಇನ್ನು ‘ಮಿಡ್ ಬ್ರೇನ್ ಆ್ಯಕ್ಟಿವೇಶನ್’ ಎಂದು ಸಾವಿರಾರು ರೂಪಾಯಿ ಕೇಳುವ ತರಗತಿಗಳು. ಮೆದುಳಿನ ಆ ಭಾಗ ಕಣ್ಣಿನ ಚಲನೆ, ಶಬ್ದಕ್ಕೆ ಸ್ಪಂದಿಸುವುದು ಮುಂತಾದ ಕೆಲಸ ನೋಡಿಕೊಳ್ಳುತ್ತದೆ. ಅದು ಮಲಗಿರುವುದೂ ಇಲ್ಲ, ಯಾರೂ ಎಬ್ಬಿಸಬೇಕಾಗಿಯೂ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದುವ ಮಕ್ಕಳು ಮೂಗಿನ ಪಕ್ಕದ ಸಂದಿಯಲ್ಲಿ ನೋಡುತ್ತಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದ್ದಾರೆ.

ಕೊನೆಗೆ ಏನು ತಿಳಿಯಬೇಕು?

ಹುಟ್ಟಿನಿಂದ ಬರುವುದು ಅಂದಾಜಿನ ಬುದ್ಧಿ. ಅದು ಎಲ್ಲರಿಗೂ ಇದೆ, ಸಿಂಹಕ್ಕೂ ಕಾಗೆಗೂ ಇದೆ. ಖಚಿತ ಗಣಿತ ಕಲಿತು ಬರುವಂಥದ್ದು. ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ ಬರಬಹುದು. ದೊಡ್ಡ ಸಂಖ್ಯೆ, ಚಕ್ರಬಡ್ಡಿ, ಸಂಭವನೀಯತೆ ಇವುಗಳಲ್ಲಿ ಎಲ್ಲರ ಸಹಜ ಬುದ್ಧಿಯೂ ಸೋಲುತ್ತದೆ. ಅಲ್ಲಿ ಕಾಗದ, ಪೆನ್ನು, ಕ್ಯಾಲ್ಕುಲೇಟರ್ ಹಿಡಿಯಲು ನಾಚಿಕೆ ಬೇಡ.

ಮುಂದಿನ ಸಲ ಸಂಖ್ಯೆ ಇರುವ ಸಂದೇಶ ಬಂದರೆ ಕಳಿಸುವ ಮೊದಲು ಒಂದು ನಿಮಿಷ ಅದನ್ನು ಎಕರೆಗೆ, ದಿನಕ್ಕೆ, ‘ಸಾವಿರ ಜನರಲ್ಲಿ ಎಷ್ಟು’ ಎಂಬುದಕ್ಕೆ ಬದಲಾಯಿಸಿ ನೋಡಿ. ‘ಹೆಣ್ಣುಮಕ್ಕಳಿಗೆ ಲೆಕ್ಕ ಬರಲ್ಲ’ ಎಂಬ ಸಂದೇಶ ಬಂದರೆ ಅಲ್ಲಿಗೇ ನಿಲ್ಲಿಸಿ. ಕೂಡ್ಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಯಾವುದೋ ಮನೆಯಲ್ಲಿ, ಗಣಿತದಲ್ಲಿ ಫೇಲಾದ ಮಗಳನ್ನು ಮುಂದೆ ಓದಿಸಬೇಕೋ ಬೇಡವೋ ಎಂಬ ಮಾತು ನಡೆಯುತ್ತಿರುವ ಹೊತ್ತಿಗೇ ಅದು ಅಪ್ಪನ ಮೊಬೈಲಿಗೆ ಬಂದಿರಬಹುದು.

ಆ ಅಪ್ಪನಿಗೆ ಕಳಿಸಲು ಬೇರೆ ಸಂಗತಿ ಇದೆ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಒಂದರಲ್ಲಿ ಸೋತರೆ ಮತ್ತೆ ಬರೆಯುವ ಅವಕಾಶ ಉಳಿದಿರುತ್ತದೆ. ಮಾರು ಹಾಕಿ ಮಲ್ಲಿಗೆ ಅಳೆಯುವ ಕೈಗೆ ಮೂರೂವರೆಯನ್ನು 30ರಿಂದ ಗುಣಿಸುವುದು ಆಗಲೇ ಗೊತ್ತಿದೆ. ಅದನ್ನೇ ಕಾಗದದ ಮೇಲೆ ಬರೆಯುವುದನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು.